ರಸ್ತೆ ಕಡೆಯ ಬದುವಿಗೆ ತಾಗಿದ ಚೆಂಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾಪೋಕ್ಲಿನಲ್ಲಿ ಶಾಲೆ ಮೇಷ್ಟ್ರಾಗಿದ್ದ ನನಗೆ ಹಾಕಿ ಫೈನಲ್ಲಿಗೆ ಅಂಪೈರ್ ಆಗುವ ಯೋಗ ಬಂತು. ಜೊತೆಯ ಅಂಪೈರಿಗೆ ಬಸ್ಸು ಸಿಗದೆ ಇಡೀ ಮೈದಾನ ನನ್ನೊಬ್ಬನ ಪಾಲಾಯಿತು. ಖುಷಿಗೆ ಅವತ್ತು ಊಟವೇ ಸೇರಲಿಲ್ಲ.

ಮೈದಾನ ಅಂದರೆ ಕೊಯ್ಲಾದ ಗದ್ದೆ. ಉದ್ದಕ್ಕೂ ಗೆರೆಗೆ ಒತ್ತಿಕೊಂಡೇ ಎರಡು ಬದು, ಒಂದು ನೀರು ಹರಿಯುವ ತೋಡಿನ ಕಡೆ, ಇನ್ನೊಂದು ರಸ್ತೆ ಕಡೆ. ಗೆರೆ ದಾಟಿದ ಚೆಂಡು ಔಟ್ ಎನ್ನುತ್ತಿತ್ತು ನಿಯಮದ ಪುಸ್ತಕ. ಆದರೆ ಆ ಗದ್ದೆಯಲ್ಲಿ ಬದುವಿಗೆ ಬಡಿದು ವಾಪಸು ಬಂದ ಚೆಂಡನ್ನು ಆಡಬಹುದಿತ್ತು. ಅಲ್ಲಿನ ಹಳೇ ಪದ್ಧತಿ ಅದು. ಪದ್ಧತಿ ಇರುವ ಕಡೆ ಪದ್ಧತಿ, ಇಲ್ಲದ ಕಡೆ ಪುಸ್ತಕ ಎಂದು ಟೂರ್ನಮೆಂಟ್ ನಡೆಸುವವರೂ ಹೇಳಿದ್ದರು.

ಟಾಸಿಗೆ ಮುಂಚೆ ಇಬ್ಬರು ಕ್ಯಾಪ್ಟನ್ನರನ್ನು ಕರೆದೆ. ಅಮ್ಮತ್ತಿ ತಂಡದ ಕ್ಯಾಪ್ಟನ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಪೊನ್ನಂಪೇಟೆಯ ಕ್ಯಾಪ್ಟನ್ ರಜೆಯಲ್ಲಿ ಬಂದಿದ್ದ ಸೈನಿಕ. ತೋಡಿನ ಕಡೆಯ ಬದು ಮಳೆಗೆ ಕುಸಿದಿತ್ತು, ತಾಗಿದ ಚೆಂಡು ಎತ್ತೆತ್ತಲೋ ಹಾರುತ್ತಿತ್ತು. ಅದಕ್ಕೆ ತಾಗಿದ್ದು ಇವತ್ತಿನ ಮಟ್ಟಿಗೆ ಔಟ್ ಎಂದು ಇಬ್ಬರೂ ಒಪ್ಪಿದರು. ಸ್ಟಿಕ್ ಭುಜಕ್ಕಿಂತ ಮೇಲೆ ಎತ್ತುವುದಕ್ಕೂ ಸ್ವಲ್ಪ ರಿಯಾಯಿತಿ ಕೊಡಿ ಎಂದರು ರೈಟರ್. ತಲೆ ಒಡೆಯುವ ವಿಷಯದಲ್ಲಿ ಪುಸ್ತಕದ ಮೇಲೆ ಯಾರ ಮಾತೂ ನಡೆಯದು ಎಂದೆ. ನಕ್ಕರು.

ಆಟ ಮುಗಿಯುತ್ತ ಬಂದರೂ ಗೋಲಿಲ್ಲ. ಅಷ್ಟರಲ್ಲಿ ಪೊನ್ನಂಪೇಟೆಯವರು ಹೊಡೆದ ಚೆಂಡು ರಸ್ತೆ ಕಡೆಯ ಬದುವಿಗೆ ಬಡಿದು ಒಳಗೆ ಚಿಮ್ಮಿತು. ಸೈನಿಕ ಅದನ್ನು ಓಟದಲ್ಲೇ ಹಿಡಿದು ಗೋಲಿಗೆ ಬಾರಿಸಿದರು. ನಾನು ಸೀಟಿ ಊದಿ ಗೋಲು ಎಂದೆ.

ರೈಟರ್ ನೇರ ನನ್ನೆದುರು ಬಂದರು. "ಮಾಷ್ಟ್ರೆ, ಬದುವಿನ ಪದ್ಧತಿ ಟಾಸಿಗೆ ಮುಂಚೆನೇ ತೆಗ್ದಾಯ್ತಲ್ಲ? ಮತ್ತೆ ಪುಸ್ತಕದ್ದೇ ರೂಲು. ಇದು ಔಟು."

ಜನ ಬದು ಇಳಿದು ಒಳಗೆ ಬರತೊಡಗಿದರು. ರೈಟರ್ ಮಾತಿನಲ್ಲೂ ಹುರುಳಿದೆ ಅನಿಸಿತು. ಆಮೇಲೆ ತಟ್ಟನೆ ಹೊಳೆಯಿತು.

"ನೀವಿಬ್ರು ಸೇರಿ ಬದಲಾಯಿಸಿದ್ದು ಯಾವ ಬದುವಿಂದು?" ಎಂದು ಕೇಳಿದೆ.

"ತೋಡಿನ ಕಡೇದು."

"ರಸ್ತೆ ಕಡೇದರ ಬಗ್ಗೆ ಏನಾದ್ರು ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ಅದಕ್ಕೆ ಗದ್ದೆ ಪದ್ಧತಿನೇ. ನೀವು ಮುಟ್ಟದೆ ಬಿಟ್ಟದ್ದು ಮೊದ್ಲಿನ ಹಾಗೇ ಇರ್ತದೆ. ಪದ್ಧತಿನೂ ಇಲ್ಲದಿದ್ರೆ ಮಾತ್ರ ಪುಸ್ತಕ."

ರೈಟರ್ ತೋಳಿನಿಂದ ಮುಖ ಒರೆಸಿಕೊಂಡು ತಮ್ಮವರ ಕಡೆ ತಿರುಗಿ, "ಗೋಲು ಸರಿ ಉಂಟು. ಬನ್ನಿ, ಇನ್ನೂ ಟೈಮ್ ಉಂಟು" ಎಂದು ನಡುಗೆರೆಗೆ ಓಡಿದರು.

ಆ ಉಳಿದ ನಿಮಿಷಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ರೈಟರ್ ಬೇಕೆಂದೇ ಚೆಂಡನ್ನು ರಸ್ತೆ ಕಡೆಯ ಬದುವಿಗೆ ಹೊಡೆದು, ಅಡ್ಡ ಬಂದವರನ್ನು ಸುತ್ತಿಕೊಂಡು ಹೋಗಿ ತಾವೇ ಹಿಡಿದು ಬಾರಿಸಿದರು. ಚೆಂಡು ಗೋಲುಕಂಬಕ್ಕೆ ಬಡಿದು ಹೊರಗೆ ಹೋಯಿತು. ನಾನು ಅಂಪೈರ್ ಎನ್ನುವುದನ್ನೂ ಮರೆತು ತಲೆ ಮೇಲೆ ಕೈಯಿಟ್ಟುಕೊಂಡಿದ್ದೆ.

ಅಮ್ಮತ್ತಿ ಸೋತಿತು. ಕಾಫಿ ಕುಡಿಯುವಾಗ ರೈಟರ್ ನನ್ನ ಪಕ್ಕದಲ್ಲೇ ಬಂದು ಕೂತರು, ಮುಂದಿನ ವಾರ ಅಮ್ಮತ್ತಿಯಲ್ಲಿ ನಡೆಯುವ ಪಂದ್ಯಕ್ಕೂ ನೀವೇ ಬರಬೇಕು ಎಂದರು. ಅವರು ಮಾತು ಮುಗಿಸುವ ಮೊದಲೇ ನಾನು ಒಪ್ಪಿಬಿಟ್ಟಿದ್ದೆ.