ಸೆಂಟ್ರಿಂಗ್ ಬಿಚ್ಚುವ ತಾರೀಖು

ಬರೆಯುವಾಗ ಜಯಕ್ಕನ ಎಡಗೈ ತಾಳಿಯನ್ನು ಹಿಡಿದುಕೊಂಡೇ ಇರುತ್ತಿತ್ತು. ಮರಳವಾಡಿಯ ಹತ್ತಿರ ಸಮುದಾಯ ಭವನ ಕಟ್ಟುತ್ತಿದ್ದಾಗ ಯಾವ ಕೆಲಸ ಯಾವತ್ತು ಎಂದು ಯೋಜನೆ ಹಾಕುವ ಇಂಜಿನಿಯರ್ ಅವರು; ನಾನು ಸೈಟ್ ಸೂಪರ್‌ವೈಸರ್. ಬೇರೆಯವರಾದರೆ ಕೆಲಸದ ಹೆಸರು, ತಾರೀಖು ಬರೆದು ಎದ್ದುಬಿಡುತ್ತಾರೆ. ಜಯಕ್ಕ ಹಾಗಲ್ಲ. ಇದಕ್ಕೆ ಮೊದಲು ಯಾವುದು ಮುಗಿದಿರಬೇಕು, ಎಷ್ಟು ಕಾಯಬೇಕು, ಯಾರ ಅಪ್ಪಣೆ ಬೇಕು, ಕೆಳಗೆ ಯಾರು ನಿಂತಿರಬಾರದು ಎಂದೆಲ್ಲ ಬರೆದು ಶೆಡ್ಡಿನ ಗೋಡೆಗೆ ಅಂಟಿಸುತ್ತಿದ್ದರು.

ಮೇಸ್ತ್ರಿ ನಂಜಪ್ಪ ಆಡಿಕೊಳ್ಳುತ್ತಿದ್ದ: "ಏನಕ್ಕಾ, ನಾವು ಬೀಡಿ ಸೇದೋದ್ನೂ ಬರ್ದಿದ್ದೀಯಾ?"

"ಬರ್ದಿವ್ನಿ ಕಣಣ್ಣ. ಡೀಸಲ್ ಡ್ರಮ್ಮಿನ ತಾವ ಸೇದ್‌ಬ್ಯಾಡ ಅಂತ ಐತೆ, ಓದ್ಕೋ." ಜಯಕ್ಕ ನಗುತ್ತಿರಲಿಲ್ಲ. "ನಂಗೆ ಹೆದ್ರಿಕೆ ಜಾಸ್ತಿ. ಹೆದ್ರಿಕೆ ಆಗಿದ್ನೆಲ್ಲ ಬರ್ದುಬುಟ್ರೆ ಒಸಿ ನಿದ್ದೆ ಬತ್ತದೆ."

ಆ ಸಲ ಮಳೆ ಹಿಡಿದು, ಮೋಲ್ಡಿಗೆ, ಅಂದರೆ ತಾರಸಿಗೆ, ಕಾಂಕ್ರೀಟ್ ಹಾಕುವುದು ಮುಂದಕ್ಕೆ ಹೋಯಿತು. ಜಯಕ್ಕ ಗೋಡೆಯ ಹಾಳೆಯಲ್ಲಿ ಆ ತಾರೀಖನ್ನು ತಿದ್ದಿದರು. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ಮರ-ಹಲಗೆಯ ಸೆಂಟ್ರಿಂಗ್ ಬಿಚ್ಚುವ ತಾರೀಖು ಮಾತ್ರ ಹಳೆಯದೇ ಉಳಿಯಿತು. ನನ್ನ ಕಣ್ಣಿಗೂ ಬೀಳಲಿಲ್ಲ.

ಒಂದು ಬೆಳಿಗ್ಗೆ ನಾವಿಬ್ಬರೂ ಸೈಟಿಗೆ ಬರುವಷ್ಟರಲ್ಲಿ ಒಳಗೆ ಸುತ್ತಿಗೆಯ ಸದ್ದು. ಇನ್ನೂ ಗಟ್ಟಿಯಾಗದ ಮೋಲ್ಡಿನಡಿ ಆಸರೆಗೆ ಕೊಟ್ಟಿದ್ದ ಸರ್ವೆ ಮರಗಳನ್ನು ನಂಜಪ್ಪನ ಆಳುಗಳು ಬಡಿದು ಕೀಳುತ್ತಿದ್ದರು. ಒಂದು ಮೂಲೆಯ ಮರಗಳು ಆಗಲೇ ನೆಲದ ಮೇಲಿದ್ದವು. ಮೇಲೆಲ್ಲೋ ಚಿಟಚಿಟ ಎಂದಿತು. ಕೂಗಹೊರಟೆ, ಜಯಕ್ಕ ತೋಳು ಹಿಡಿದರು.

"ಕೂಗ್‌ಬ್ಯಾಡಿ ರಾಜಣ್ಣ. ಗಾಬ್ರಿಲಿ ಓಡಿ ಮಿಕ್ಕ ಮರಕ್ಕೂ ಗುದ್ದಾರು."

ತಾವೇ ಒಳಗೆ ಹೋದರು. "ಸುತ್ತಿಗೆ ಅಲ್ಲೇ ಮಡಗಪ್ಪ. ಯಾವ ಮರನೂ ಮುಟ್‌ಬ್ಯಾಡ. ಹಿಂಗೆ ಬಾ." ಹಸುವನ್ನು ಕೊಟ್ಟಿಗೆಗೆ ಕರೆಯುವಂಥ ದನಿ. ಒಬ್ಬೊಬ್ಬರಾಗಿ ಬಂದರು. ಕೊನೆಗೆ ನಂಜಪ್ಪ, ಅವನ ಹಿಂದೆ ಜಯಕ್ಕ. ಮೋಲ್ಡ್ ಉದ್ದಕ್ಕೂ ಬಿರುಕು ಬಿಟ್ಟು ನಿಂತಿತು, ಬೀಳಲಿಲ್ಲ.

"ಯಾರ್ಲಾ ನಿಂಗೆ ಅಪ್ಪಣೆ ಕೊಟ್ಟೋರು?" ಎಂದೆ ನಾನು.

ನಂಜಪ್ಪ ಜಯಕ್ಕನ ಕಡೆ ತಿರುಗಿದ. "ತಾರೀಕು ಬರ್ದೋಳು ನೀನೆಯ ಅಕ್ಕ. ಇನ್ಯಾವ ಅಪ್ಪಣೆ?"

ಜಯಕ್ಕ ಶೆಡ್ಡಿಗೆ ಹೋಗಿ ಹಾಳೆಯಲ್ಲಿ ತಿದ್ದದೆ ಉಳಿದ ತಾರೀಖಿನ ಮೇಲೆ ಬೆರಳಿಟ್ಟರು. "ಹೆದ್ರಿಕೆ ಆಗಿದ್ನೆಲ್ಲ ಬರ್ದಿದ್ದೆ ರಾಜಣ್ಣ. ನಾನೇ ತಪ್ಪು ಮಾಡೇನು ಅಂತ ಹೆದ್ರಿರ್ನಿಲ್ಲ." ಆ ವಾರವೇ ಕೆಲಸ ಬಿಟ್ಟು ಕೈಲಾಂಚಕ್ಕೆ, ತಮ್ಮ ಊರಿಗೆ, ಹೋದರು.

ಈಚೆಗೆ ಚನ್ನಪಟ್ಟಣದ ಮದುವೆಯೊಂದರಲ್ಲಿ ಸಿಕ್ಕಿದ್ದರು. ಎಲ್ಲರೂ ಛತ್ರದೊಳಗೆ, ಅವರೊಬ್ಬರೇ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಊಟಕ್ಕೆ ಕರೆದೆ. ಛತ್ರದ ತಾರಸಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

"ನೀವು ಹೋಗಿ ರಾಜಣ್ಣ," ಎಂದರು ಮೆಲ್ಲಗೆ. "ಬ್ಯಾಗ ಉಂಡು ಆಚೆ ಬಂದ್ಬುಡಿ."