ಬಾಗಿನಕ್ಕೆ ಕರೆದದ್ದು ಯಾರನ್ನು

ನಮ್ಮ ಮನೆ ಹಿಂದಿನ ಕೆರೆ ಕೋಡಿ ಬಿದ್ದಿದೆ. ಉಕ್ಕಿದ್ದು ಕೊಳಚೆಯಲ್ಲ, ನೀರು. ಕಾಲಿಟ್ಟರೆ ಬೆರಳು ಕಾಣುವಂಥ ನೀರು. ಅದನ್ನು ಹಾಗೆ ಮಾಡಿದವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಇದನ್ನು ಹಾಲಿನವನಿಗೆ ಹೇಳಿದೆ, ಗ್ಯಾಸಿನವನಿಗೆ ಹೇಳಿದೆ, ನಂಬರು ತಪ್ಪಿ ಫೋನು ಮಾಡಿದವರೊಬ್ಬರಿಗೂ ಹೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನಿಧಾನ. ಬಾಯಲ್ಲಿ ಹೇಳಿ ಸಾಕಾಗದೆ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರಿನ ಅಂಚಿನ ಬಡಾವಣೆ. ಮಲ್ಲಂದೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಈ ಕೆರೆಯಲ್ಲಿ ಬಟ್ಟೆ ಒಗೆದಿದ್ದೇನೆ. ಆಮೇಲೆ ಸುತ್ತ ಮನೆಗಳೆದ್ದವು. ಅಷ್ಟೂ ಮನೆಗಳ ಚರಂಡಿ ಕೆರೆಗೇ ತಿರುಗಿತು. ಕೋಳಿ ಅಂಗಡಿಯ ಪುಕ್ಕ, ಕಟಿಂಗ್ ಶಾಪಿನ ಕೂದಲು, ಬಣ್ಣ ಬಳಿದ ಗಣಪತಿ, ಎಲ್ಲ ಅಲ್ಲಿಗೇ. ಮೇಲೆ ಅಂತರಗಂಗೆ ಕಳೆ ಹಬ್ಬಿಕೊಂಡು, ದನಗಳು ಹುಲ್ಲೆಂದು ಕಾಲಿಟ್ಟು ಹೂತುಹೋಗುತ್ತಿದ್ದವು. ಬೇಸಿಗೆ ಬಂದರೆ ಮೀನುಗಳು ಸತ್ತು ತೇಲುತ್ತಿದ್ದವು. ಸೊಸೆಯ ತಾಯಿ, ಸಂಸೆಯ ನಮ್ಮ ಬೀಗಿತ್ತಿ, ಬಂದಾಗಲೆಲ್ಲ ಗೇಟಿನಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರ ತೋಟದ ಪಕ್ಕ ಹಳ್ಳ ಹರಿಯುತ್ತದೆ; ಅದರ ನೀರನ್ನು ಹಾಗೇ ಬೊಗಸೆಯಲ್ಲಿ ಕುಡಿಯಬಹುದಂತೆ. ಆ 'ಅಂತೆ'ಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊಮ್ಮಗಳು ನೀರಿನ ವಿಷಯವನ್ನೇ ಓದಿದಳು. ಓದಿ ಬಂದು ಊರಿನ ಕೆಲವರ ಜೊತೆ ಸೇರಿ ಕೆರೆಗಿಳಿದಳು. ಹೂಳು ತೆಗೆದರೆ ಮುಗಿಯಿತು ಅಂದುಕೊಂಡಿದ್ದೆ. ಮೊದಲು ಒಳಗೆ ಬರುವ ಕೊಳಚೆ ನಿಲ್ಲಬೇಕು, ಇಲ್ಲದಿದ್ದರೆ ಎಷ್ಟು ಬಾಚಿದರೂ ಅಷ್ಟೇ ಎಂದಳು. ದೊಡ್ಡ ಚರಂಡಿಯನ್ನು ಪೈಪಿನಲ್ಲಿ ಬೇರೆ ಕಡೆಗೆ ತಿರುಗಿಸಿದರು. ಉಳಿದ ನೀರು ಗುಂಡಿಗಳಲ್ಲಿ ನಿಂತು, ಜಲ್ಲಿಯಲ್ಲಿ ಇಳಿದು, ಗಿಡಗಳ ಬೇರಿನ ನಡುವೆ ನುಸುಳಿ ಕೆರೆಗೆ ಬರುವ ಹಾಗೆ ಮಾಡಿದರು. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ನೀರಿಗೆ ಗುಂಡಿ ತೋಡುತ್ತಾರಲ್ಲ, ನನಗೆ ಅದರಿಂದ ಅರ್ಥವಾಯಿತು. ಆಮೇಲೆ ಹೂಳು ತೆಗೆದರು. ಆಗಲೂ ಒಂದು ಮಗ್ಗುಲನ್ನು ಹಕ್ಕಿಗಳಿಗೆಂದು ಆಳ ಮಾಡದೆ ಬಿಟ್ಟರು. ಅಲ್ಲೀಗ ನಾಮದ ಕೋಳಿ ಮರಿ ಮಾಡಿದೆ.

ನೀರು ಸೋಸುವ ಆ ಜಾಗಕ್ಕೆ ಬಜೆ ಗಿಡ ಬೇಕಾಯಿತು. ಅದು ಬಂದದ್ದು ಸಂಸೆಯ ಗದ್ದೆ ಬದಿಯಿಂದ, ಜೀಪಿನ ತುಂಬ. ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಹತ್ತಿಕೊಂಡಿತು. ಕೆರೆ ನೋಡಲು ಬಂದವರಿಗೆಲ್ಲ ಮೊಮ್ಮಗಳು, ಇದು ನಮ್ಮ ಅಮ್ಮಮ್ಮನ ಮನೆಯ ಬಜೆ ಎನ್ನುವಳು. ಪೇಪರಿನವರು ಬಂದಾಗಲೂ ಅದನ್ನೇ ಹೇಳಿದಳು. ಅವಳು ಕೂಸಾಗಿದ್ದಾಗ ಬಜೆ ತೇಯ್ದು ನಾಲಿಗೆಗೆ ಸವರಿ ಮಾತು ಬರಿಸಿದವಳು ನಾನು. ಆ ಮಾತಿನಲ್ಲಿ ಹೊಗಳಿಸಿಕೊಂಡವರು ಬೀಗಿತ್ತಿ.

ಮೊನ್ನೆ ಆಶ್ಲೇಷ ಮಳೆಗೆ ಕೆರೆ ಕೋಡಿ ಬಿದ್ದ ಕೂಡಲೇ ಹಿತ್ತಲಲ್ಲಿ ನಿಂತು ಸಂಸೆಗೆ ಫೋನು ಮಾಡಿದಳು. ನನಗೆ ಹೇಳುವುದಕ್ಕಿಂತ ಮೊದಲು.

"ಅಮ್ಮಮ್ಮ, ನಾಳೆ ಬಾಗಿನಕ್ಕೆ ನೀವೇ ಬರ್ಬೇಕು" ಅಂದದ್ದು ಅಡಿಗೆಮನೆಗೆ ಸ್ಪಷ್ಟ ಕೇಳಿತು.

ತುಂಬಿದ ಕೆರೆಗೆ ಮೊದಲ ಬಾಗಿನ ಬಿಡುವ ಮುತ್ತೈದೆ ಎಂದರೆ ಆ ಕೆರೆಯ ಹಿರಿಯಳು. ಇಷ್ಟು ವರ್ಷ ಈ ನಾತ ಕುಡಿದವಳು ನಾನು, ಬಾಗಿನ ಬಿಡುವವರು ಮೂಗು ಮುಚ್ಚಿಕೊಂಡವರು. ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಕಾಫಿ ಆರಿಸಿ ಕುಡಿಯುತ್ತ, "ಕೆರೆ ನಿಂಗೆ ತವರಿಂದ ಕೊಟ್ಟಿದ್ದಾ ಮಾರಾಯ್ತಿ?" ಅಂದರು.

ಮರುದಿನ ಬೀಗಿತ್ತಿ ಬರುವ ಕಳಸದ ಬಸ್ಸು ತಲುಪುವಷ್ಟರಲ್ಲಿ ನಾನೇ ಬಿಟ್ಟುಬಿಡುವುದು ಎಂದು ನಿಶ್ಚಯಿಸಿದೆ. ಒಂದು ಜೊತೆ ಮೊರ ತರಿಸಿ, ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ ಎಲ್ಲ ಇಟ್ಟು ಮುಚ್ಚಿ, ಜಿನುಗು ಮಳೆಯಲ್ಲಿ ಕೋಡಿಯ ಹತ್ತಿರ ಹೋದೆ. ಮೊಮ್ಮಗಳು ಅಲ್ಲೇ ಇದ್ದಳು, ಗಮ್‌ಬೂಟು ಹಾಕಿಕೊಂಡು ಕೋಡಿಗೆ ಸಿಕ್ಕಿದ ಕಸ ಎಳೆಯುತ್ತಿದ್ದಳು.

"ಅಜ್ಜಿ, ನೀರಿಗೆ ಏನೂ ಬಿಡೋಹಂಗಿಲ್ಲ. ಬಾಚಣಿಗೆ, ಕನ್ನಡಿ ಎಲ್ಲ ಪ್ಲಾಸ್ಟಿಕ್ಕು."

"ಸಂಸೆಯವ್ರನ್ನ ಬಾಗಿನಕ್ಕೆ ಕರ್ದಿದೀಯಲ್ಲ. ಅವ್ರದ್ದು ಬಿಡ್ಬಹುದಾ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗು ತಡೆಯಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟಳು. "ಅವ್ರನ್ನ ಕರ್ದಿದ್ದು ತಗೊಳ್ಳೋಕೆ. ಕೊಡೋಳು ನೀನು. ಮನೆಯೋಳು ಕೊಡ್ಬೇಕು, ಬಂದೋರು ತಗೋಬೇಕು, ನೀನೇ ಅಲ್ವಾ ಕಲ್ಸಿದ್ದು?"

ಬಾಗಿನಕ್ಕೆ ಕರೆಯುವುದು ಎಂದರೆ ನಮ್ಮಲ್ಲಿ ಎರಡೂ ಆಗುತ್ತದೆ. ನನಗೆ ಕೇಳಿಸಿದ್ದು ಉರಿ ಹತ್ತಿಸುವ ಅರ್ಥ ಮಾತ್ರ.

ಮಧ್ಯಾಹ್ನ ಬೀಗಿತ್ತಿ ಬಂದರು. ಕೆರೆ ಏರಿಯ ಮೇಲೆ ಅರಿಶಿನ ಕುಂಕುಮ ಕೊಟ್ಟು, ಬಾಗಿನ ಎತ್ತಿದೆ. ಕೊಡುವವರೂ ತೆಗೆದುಕೊಳ್ಳುವವರೂ ಸೆರಗು ಹೊದಿಸಿ ಒಂದೇ ಮೊರ ಹಿಡಿಯಬೇಕಲ್ಲ. ನಾವಿಬ್ಬರೂ ಅಷ್ಟು ಹತ್ತಿರ ಯಾವತ್ತೂ ನಿಂತವರಲ್ಲ. ಯಾರಿಗೂ ಕೇಳದ ಹಾಗೆ ಅವರು ಅಂದರು:

"ಅಕ್ಕಾ, ಇವ್ಳು ನಿಮ್ಗೆ 'ನೀನು' ಅಂತಾಳೆ. ನಂಗೆ ಇವತ್ತಿಗೂ 'ನೀವು'. ಬಜೆ ಕೊಟ್ಟೆ, ಜೀಪು ಕಳ್ಸಿದೆ. ಆದ್ರೂ 'ನೀವು'. ಇಲ್ಲಿಂದ ಹೋದಾಗೆಲ್ಲ ದಾರಿಯುದ್ದಕ್ಕೂ ನಂಗೆ ಅದೇ ಸಂಕ್ಟ."

ಅವಳು ಅವರಿಗೆ ಕೊಡುವ ಮರ್ಯಾದೆಯನ್ನು ಕಂಡು ನಾನು ಕರುಬಿದ್ದೆ. ಅದು ಅವರಿಗೆ ದೂರ ಇಟ್ಟ ಹಾಗೆ ಕಾಣುತ್ತದೆಂದು ಹೊಳೆದಿರಲೇ ಇಲ್ಲ. ನನ್ನನ್ನು ನೋಡಿಯೂ ಒಬ್ಬರು ಹೊಟ್ಟೆ ಉರಿದುಕೊಳ್ಳುತ್ತಾರೆಂದು ಕೇಳಿ ಎಷ್ಟು ಖುಷಿಯಾಯಿತೆಂದರೆ, ಮೊರ ಬಿಡುವುದನ್ನೇ ಮರೆತೆ. ಅವರು ಎಳೆಯುತ್ತಿದ್ದರು, ನಾನು ಹಿಡಿದೇ ಇದ್ದೆ.

"ಕೊಡ್ತೀರೋ ಇಲ್ವೋ?" ಅಂದರು.

ಕೊಟ್ಟೆ. ಮೊಮ್ಮಗಳು ಫೋಟೋ ತೆಗೆದಳು. ಅದರಲ್ಲಿ ಅವರೇ ಚೆನ್ನಾಗಿ ಬಂದಿದ್ದಾರೆ, ಏನು ಮಾಡುವುದು.

ರಾತ್ರಿ ಅವರನ್ನು ಕಳಿಸಲಿಲ್ಲ. ಯಜಮಾನರು, ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಕೆರೆ ಕಡೆಯ ಕಿಟಕಿ ತೆಗೆದಿತ್ತು. ಕೋಡಿಯ ಸದ್ದು ಒಳಗೆ ಕೇಳುತ್ತಿತ್ತು. ಕಡುಬು ನನ್ನದು, ಸಂಸೆಯಿಂದ ತಂದ ಕಳಲೆಯ ಪಲ್ಯ ಬೀಗಿತ್ತಿಯದು. ಎಲ್ಲರೂ ಪಲ್ಯವನ್ನೇ ಹೊಗಳಿದರು, ಯಜಮಾನರಂತೂ ಬಟ್ಟಲನ್ನು ತಮ್ಮ ಮಗ್ಗುಲಿಗೇ ಎಳೆದುಕೊಂಡರು. ಬೀಗಿತ್ತಿ ನನ್ನ ಎಲೆಗೂ ಬಡಿಸಿ, ರುಚಿ ಹೇಗಿದೆ ಎಂದು ಕೇಳಿದರು. ಉಪ್ಪು ಚೂರು ಮುಂದಾಗಿತ್ತು. ಆದರೂ ಇನ್ನೊಂದು ಸಲ ಹಾಕಿಸಿಕೊಂಡೆ.