ಅಕ್ಕನ ಕಣ್ಣಂಚಿನ ದಾರ

ನಮ್ಮ ಅಕ್ಕನಿಗೆ ಇದ್ದದ್ದು ಒಂದೇ ಕಣ್ಣು. ಆರನೆಯ ವಯಸ್ಸಿನಲ್ಲಿ ಸಿಡುಬೆದ್ದು ಬಲಗಣ್ಣಿಗೆ ಹೂವು ಬಿದ್ದಿತ್ತು. ಬಿಸಿಲು ಯಾವುದು ನೆರಳು ಯಾವುದು ಎನ್ನುವುದಷ್ಟೇ ಅದಕ್ಕೆ ತಿಳಿಯುತ್ತಿತ್ತು. ಎಡಗಣ್ಣೊಂದರಲ್ಲೇ ಅವಳು ರಾಗಿಯ ಕಲ್ಲು ಆರಿಸುತ್ತಿದ್ದಳು, ಸೂಜಿಗೆ ದಾರ ಪೋಣಿಸುತ್ತಿದ್ದಳು, ಬೀದಿಯ ಕೊನೆಯಲ್ಲಿ ಬರುವವರು ಯಾರೆಂದು ನಮಗಿಂತ ಮುಂಚೆ ಹೇಳುತ್ತಿದ್ದಳು. ಆ ಎಡಗಣ್ಣಿನ ರೆಪ್ಪೆ ಊದಿಸಿಕೊಂಡು ಅವಳು ಅಂತರಘಟ್ಟೆಯ ಕಡೆಯ ಗಂಡನ ಮನೆಯಿಂದ ಅಜ್ಜಂಪುರಕ್ಕೆ, ನಮ್ಮ ಮನೆಗೆ ಬಂದದ್ದು ಯುಗಾದಿ ಕಳೆದ ಒಂಬತ್ತನೆಯ ದಿನ. ಭಾವ ಕೊಬ್ಬರಿ ಗಾಡಿ ಹೊಡೆದುಕೊಂಡು ಕಡೂರಿಗೆ ಹೋಗಿದ್ದ. ಪಕ್ಕದ ಮನೆಯವರ ಗಾಡಿಯಲ್ಲಿ ಅವಳೊಬ್ಬಳೇ ಬಂದಿದ್ದಳು.

ದಿನಗಳನ್ನು ಯುಗಾದಿಯಿಂದ ಎಣಿಸುವುದು ನನ್ನ ಪದ್ಧತಿ. ನನಗೀಗ ಹತ್ತೊಂಬತ್ತು. ಊರಿನ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಕಚೇರಿ ಹಿಂದಿನ ಮಳೆ ಅಳೆಯುವ ಪಾತ್ರೆಯನ್ನು ನೋಡಿ ಬರೆಯುವುದೂ ನನ್ನ ಪಾಲಿಗೇ ಬಂದಿತ್ತು. ಬೇಸಿಗೆಯಲ್ಲಿ ಆ ಕಾಲಮಿನಲ್ಲಿ ಬರೆಯುವುದು ಒಂದೇ ಮಾತು: ಇಲ್ಲ. ಆ ಅಭ್ಯಾಸ ಮನೆಗೂ ಬಂದಿತ್ತು. ಎಣಿಸಬಹುದಾದದ್ದನ್ನೆಲ್ಲ ಸ್ವಂತದ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. "ಇವ್ನು ಉಣ್ಣೋ ತುತ್ತನ್ನೂ ಬರ್ಕೋತಾನೆ, ಸಾರು ಬಡಿಸೋವಾಗ ಹುಷಾರು ಕಣವ್ವ," ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಅವ್ವ ರೆಪ್ಪೆಯ ಊತವನ್ನು ಕಣ್ಣಂಚಿನ ಕುರು ಎಂದಳು. ಬಟ್ಟೆ ಬಿಸಿ ಮಾಡಿ ಒತ್ತಿದಳು.

"ಕುರು ಆದ್ರೆ ಒಂದ್ ಕಡೆ ಇರ್ಬೇಕಲ್ಲವ್ವ. ಇದು ಒಳಗೆ ಹರಿದಾಡ್ತೈತೆ," ಎಂದಳು ಅಕ್ಕ.

"ಉರಿಗೆ ಹಂಗನ್ನಿಸ್ತೈತೆ. ಸುಮ್ನೆ ಮಲಕ್ಕೋ."

ಇದು ಹತ್ತನೆಯ ದಿನ. ಅಕ್ಕನ ಆ ಮಾತನ್ನೂ ನಾನು ಬರೆದುಕೊಂಡೆ. 'ಇತರೆ' ಎನ್ನುವ ತಲೆಬರಹದ ಕೆಳಗೆ, ಬೆಕ್ಕು ಮೂರು ಮರಿ ಹಾಕಿದ್ದರ ಆಮೇಲೆ.

ಹನ್ನೆರಡನೆಯ ದಿನಕ್ಕೆ ಹುಬ್ಬಿನ ತುದಿಯಿಂದ ಕಣತಲೆಯ ಕಡೆಗೆ ಚರ್ಮದಡಿಯಲ್ಲಿ ಒಂದು ಗೆರೆ ಎದ್ದಿತು. ಬಾಗಿ ಬಾಗಿ ಹೋದ ಕೆಂಪು ಗೆರೆ. ಅವ್ವ ಹೆದರಿ ಕುಂಬಾರರ ಅಜ್ಜಿಯನ್ನು ಕರೆಸಿದಳು. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವುದರಲ್ಲಿ ಆ ಅಜ್ಜಿಯ ಕೈಗುಣ ಸುತ್ತಲಿನ ಹಳ್ಳಿಗಳಿಗೂ ಗೊತ್ತಿತ್ತು. ಅಜ್ಜಿ ಅಕ್ಕನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಸರ್ಪವೇ ಕಣವ್ವ. ತಲೆ ಹುಬ್ಬಿನ ಮ್ಯಾಲೈತೆ, ಬಾಲ ಕಿವಿ ತಾವ. ಎರಡೂ ಸೇರಾಕೆ ಬಿಡಬಾರ್ದು. ಸೇರಿದ್ರೆ ಆಳು ಉಳಿಯಾಕಿಲ್ಲ."

ಬಟ್ಟಲಲ್ಲಿ ಕೆಮ್ಮಣ್ಣು ಕಲಸಿ ಗೆರೆಯ ಸುತ್ತ ಬೆರಳಿನಿಂದ ಹಾವು ಬರೆದಳು. ನೀರು ಸೋಕಿಸಬೇಡಿ ಎಂದಳು.

"ಅಜ್ಜೀ, ಹಾವಿನ ಮುಖ ಚೆಂದಾಗಿ ಬರಿ," ಎಂದಳು ಅಕ್ಕ. "ನಿಮ್ಮನೆ ಮಡಕೆ ಥರ ಸೊಟ್ಟ ಮಾಡ್ಬ್ಯಾಡ."

"ಬಾಯಿಗೂ ಒಸಿ ಹಚ್ಲಾ?" ಎಂದಳು ಅಜ್ಜಿ.

ಎಲ್ಲರೂ ನಕ್ಕೆವು. ನನಗೆ ಮಾತ್ರ 'ಸೇರಿದರೆ ಉಳಿಯುವುದಿಲ್ಲ' ಎನ್ನುವ ಮಾತು ಕಿವಿಯಲ್ಲೇ ಉಳಿಯಿತು. ಕೂತರೆ ಕೂರಲಾಗದು, ಕಚೇರಿಗೆ ಹೋದರೆ ನಕಲಿನಲ್ಲಿ ಸಾಲು ಬಿಟ್ಟುಹೋಗುವುದು. ಕೊನೆಗೆ ಒಂದು ಉಪಾಯ ಹೂಡಿದೆ. ತಲೆಗೂ ಬಾಲಕ್ಕೂ ನಡುವಿನ ಅಂತರವನ್ನು ದಿನಾ ಸಂಜೆ ನೂಲಿನಿಂದ ಅಳೆದು, ನೂಲನ್ನು ಅಡಿಪಟ್ಟಿಯ ಮೇಲಿಟ್ಟು, ಎರಡೂ ತುದಿ ಎಲ್ಲೆಲ್ಲಿವೆ ಎಂಬುದರ ಜೊತೆ ಬರೆಯತೊಡಗಿದೆ. ಮೊದಲ ಸಂಜೆ ಎರಡು ಅಂಗುಲ. ಮರುದಿನ ಒಂದೂಮುಕ್ಕಾಲು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅದರ ಮರುದಿನ ಎರಡೂಕಾಲು. ಅವ್ವ ಕೈಮುಗಿದಳು, ಅಜ್ಜಿಗೆ ಒಂದು ತೆಂಗಿನಕಾಯಿ ಕಳಿಸಿದಳು. ಆಮೇಲೆ ಎರಡು, ಮತ್ತೆ ಎರಡೂಕಾಲು. ಅಂತರ ಹೆಚ್ಚಿದರೆ ಸಮಾಧಾನ, ಕಡಿಮೆಯಾದರೆ ಇನ್ನೊಮ್ಮೆ ಅಳೆಯುವೆ. ಅಂತರ ಯಾಕೆ ಹೀಗೆ ಕುಣಿಯುತ್ತದೆ ಎಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ.

ಹದಿನೇಳನೆಯ ದಿನ ಬೆಳಿಗ್ಗೆ ಹುಬ್ಬಿನ ತುದಿಯಲ್ಲಿ ಒಂದು ಬೊಬ್ಬೆ ಎದ್ದು ಒಡೆದಿತ್ತು. ಒಣಗಿದ ಕೆಮ್ಮಣ್ಣು ಅದರೊಳಗೆ ಉದುರಿತ್ತು. ಅಜ್ಜಿಯ ಮಾತು ಮೀರಿ ಬಿಸಿನೀರಲ್ಲಿ ಒರೆಸಬೇಕಾಯಿತು. ಅವ್ವನಿಗೆ ನೋಡಲು ಧೈರ್ಯ ಸಾಲದೆ ನನ್ನ ಕೈಗೆ ಹಳೆಯ ಪಂಚೆಯ ಚೂರು ಕೊಟ್ಟಳು. ಮಣ್ಣು ಹೋಗಿ ಗಾಯ ಕಂಡಾಗ ಅದರ ಬಾಯಲ್ಲಿ ಬೆಳ್ಳಗೆ ಒಂದು ಎಳೆ ನಿಂತಿತ್ತು. ಪಂಚೆಯ ದಾರವೇ ಅಂಟಿಕೊಂಡಿದೆ ಎಂದುಕೊಂಡೆ.

"ತಡಿ, ದಾರ ಐತೆ," ಎಂದು ಉಗುರಲ್ಲಿ ಹಿಡಿದು ಎಳೆದೆ.

ಸ್ವಲ್ಪ ಬಂತು, ಬಿಗಿಯಾಯಿತು, ತುಂಡಾಯಿತು. ಅಕ್ಕ ಕೂಗಿಕೊಂಡಳು. ಸಿಡುಬಿನಲ್ಲೂ ಕೂಗದವಳು ಎಂದು ಅವ್ವ ಹೇಳುತ್ತಿದ್ದ ಅಕ್ಕ.

"ಏನೋ ಕಿತ್ತೆ?"

"ದಾರ."

ಎಳೆಯನ್ನು ಅಡಿಪಟ್ಟಿಯ ಮೇಲಿಟ್ಟೆ. ಎರಡು ಅಂಗುಲ. ಬರೆದು, ಹಾಳೆಗಳ ನಡುವೆ ಇಟ್ಟು ಪುಸ್ತಕ ಮುಚ್ಚಿದೆ.

ಮರುದಿನ ಬೆಳಗಾಗುವಷ್ಟರಲ್ಲಿ ಅಕ್ಕನ ಮುಖದ ಎಡಭಾಗ ಗುರುತು ಸಿಗದಂತಾಗಿತ್ತು. ರೆಪ್ಪೆಗಳು ಎರಡೂ ಊದಿ ಮುಚ್ಚಿಕೊಂಡು ನಡುವೆ ಗೆರೆಯಷ್ಟೇ ಉಳಿದಿತ್ತು. ಕೆನ್ನೆಯ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಕಾದ ಹೆಂಚು. ಚಳಿಜ್ವರ. ಅವಳು ಗೋಡೆ ಸವರಿಕೊಂಡು ಬಚ್ಚಲಿಗೆ ಹೋದದ್ದನ್ನು ನಾನು ನೋಡಿದೆ.

ಏನು ಮಾಡಲೂ ತೋಚದೆ ಪುಸ್ತಕ ತೆಗೆದೆ. ನಿನ್ನೆಯ ಎಳೆ ಹಾಳೆಗೆ ಅಂಟಿ ಒಣಗಿತ್ತು. ಹತ್ತಿಯ ದಾರ ಹಾಗೆ ಒಣಗುವುದಿಲ್ಲ. ಚಪ್ಪಟೆಯಾಗಿ, ಒಣಗಿದ ನರದ ಹಾಗಿತ್ತು. ನಮ್ಮ ಸೀಮೆಯಲ್ಲಿ ನಾರುಹುಣ್ಣು ಯಾರಿಗೆ ಗೊತ್ತಿಲ್ಲ? ಬೇಸಿಗೆ ಬಂದರೆ ಬೀದಿಗೆ ಒಬ್ಬರಿಗಾದರೂ ಕಾಲಲ್ಲಿ ಬೊಬ್ಬೆ ಎದ್ದು ಬಿಳಿಯ ಹುಳ ತಲೆ ಹಾಕುತ್ತದೆ. ಅದನ್ನು ಕಸಪೊರಕೆಯ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಮಾತ್ರ ಎಳೆಯಬೇಕು, ತುಂಡಾದರೆ ಕಾಲು ಕಂಬವಾಗುತ್ತದೆ ಎನ್ನುವುದು ಎಳೆಯ ಮಕ್ಕಳಿಗೂ ಗೊತ್ತು. ಆದರೆ ನಾರು ಕಾಲಿಗೆ ಬರುವ ಕಾಯಿಲೆ. ಕಣ್ಣಿನ ಹತ್ತಿರ ಬಂದದ್ದನ್ನು ಕಂಡವರು, ಕೇಳಿದವರು ಇರಲಿಲ್ಲ.

ಹಿಂದಿನ ಹಾಳೆಗಳನ್ನು ತಿರುವಿದೆ. ಗೆರೆಯ ತಲೆ ಮಾತ್ರವಲ್ಲ, ಬಾಲವೂ ದಿನಾ ಜಾಗ ಬದಲಿಸಿತ್ತು. ಸರ್ಪಸುತ್ತು ಹಬ್ಬುತ್ತದೆ, ಎದ್ದು ಹೋಗಿ ಬೇರೆ ಕಡೆ ಮಲಗುವುದಿಲ್ಲ. ಹತ್ತನೆಯ ದಿನದ ಕೆಳಗೆ, ಬೆಕ್ಕಿನ ಮರಿಗಳ ಆಮೇಲೆ, ನನ್ನದೇ ಅಕ್ಷರದಲ್ಲಿ ಅಕ್ಕನ ಮಾತಿತ್ತು: ಒಳಗೆ ಹರಿದಾಡುತ್ತದೆಯಂತೆ.

ಅವ್ವನಿಗೆ ಹೇಳಿದೆ. ಅವ್ವ ಎಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಗಾಡಿ ಹೂಡ್ಸು," ಎಂದಳು.

ರೈಲಿನಲ್ಲಿ ಹೋದರೆ ಬೀರೂರಿನಲ್ಲಿ ಇಳಿದು ಕಾಯಬೇಕು. ಗಾಡಿಯಲ್ಲೇ ತರೀಕೆರೆಯ ಆಸ್ಪತ್ರೆಗೆ ಹೊರಟೆವು, ಹತ್ತೊಂಬತ್ತನೆಯ ದಿನ, ಕೋಳಿ ಕೂಗುವ ಹೊತ್ತಿಗೆ. ಅಕ್ಕ ಮುಖದ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಹುಲ್ಲಿನ ಮೇಲೆ ಮಲಗಿದ್ದಳು. ನಾನು ಇಳಿದು ನಡೆಯುವುದು, ಮತ್ತೆ ಹತ್ತುವುದು.

"ಲೇ, ಎಡಗಡೆ ಏನೈತೆ ಹೇಳು," ಎಂದಳು.

"ಜೋಳದ ಹೊಲ. ಕೊಯ್ದು ಕೂಳೆ ಉಳಿದೈತೆ."

"ಆಮೇಲೆ?"

"ಒಂದು ಹುಣಸೆಮರ."

"ನಂಗೆ ಇದೂ ಹೋದ್ರೆ ಇನ್ಮುಂದೆ ನೀನು ಹೇಳಿದ್ದನ್ನೇ ನಂಬ್ಕೊಂಡು ಬದುಕ್ಬೇಕಲ್ಲೋ. ಜ್ವರಕ್ಕಿಂತ ಅದೇ ಭಯ ಕಣೋ."

ಏಳನೆಯ ಮೈಲಿಗಲ್ಲು ದಾಟಿದ ಮೇಲೆ ಹೇಳಿದೆ. "ಅವತ್ತು ನಾನು ಕಿತ್ತಿದ್ದು ದಾರ ಅಲ್ಲ."

"ಗೊತ್ತು," ಎಂದಳು ಬಟ್ಟೆಯ ಕೆಳಗಿಂದ. "ದಾರಕ್ಕೆ ನೋವಿರಲ್ಲ."

ತರೀಕೆರೆಯ ಡಾಕ್ಟರು ವಯಸ್ಸಾದವರು. ಪುಸ್ತಕದ ಎಳೆಯನ್ನು ಕನ್ನಡಕ ಮೇಲೆತ್ತಿ ನೋಡಿದರು, ಅಕ್ಕನ ಕೆನ್ನೆ ಒತ್ತಿ ನೋಡಿದರು. "ಮುರಿದ ಹುಳ ಒಳಗೆ ಉಳಿದು ಚರ್ಮದಡಿಯೆಲ್ಲ ಕೆರಳಿದೆ. ಕೀವು ಕಣ್ಣುಗುಡ್ಡೆಯ ಹಿಂದಕ್ಕೆ ಇಳಿದ್ರೆ ಕಣ್ಣು ನನ್ನ ಕೈಲಿಲ್ಲ. ನಾಳೆ ಬೆಳಿಗ್ಗೆ ಕುಯ್ತೀನಿ," ಎಂದರು.

ಇಪ್ಪತ್ತನೆಯ ದಿನ ಹುಬ್ಬಿನ ಕೆಳಗೆ ಕುಯ್ದರು. ಕೀವಿನ ಜೊತೆ ಹುಳ ತುಂಡು ತುಂಡಾಗಿ ಬಂತು. ಪಿಂಗಾಣಿ ತಟ್ಟೆಯಲ್ಲಿದ್ದ ತುಂಡುಗಳನ್ನು ನಾನು ಎಣಿಸಲಿಲ್ಲ. ಅಲ್ಲಿಂದ ಎರಡೆರಡು ಗಂಟೆಗೊಮ್ಮೆ ಔಷಧಿಯ ಪುಡಿ ಹಾಕಿದ ಬಿಸಿನೀರಿನ ಶಾಖ. ಅವ್ವ ಬಟ್ಟೆ ಹಿಂಡುವಳು, ನಾನು ನೀರು ತರುವೆ. ನಡುವಿನ ಹೊತ್ತು ಆಸ್ಪತ್ರೆಯ ಜಗಲಿಯ ಉದ್ದಕ್ಕೂ ನಡೆಯುವೆ. ಜಗಲಿಗೆ ಕಂಬಗಳಿದ್ದವು, ಎಷ್ಟೆಂದು ಈಗ ಕೇಳಿದರೆ ಹೇಳಲಾರೆ. ಪ್ರತಿ ಸಲವೂ ಎಣಿಕೆ ತಪ್ಪುತ್ತಿತ್ತು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು: ಈ ಮೂರು ದಿನಗಳ ಹಾಳೆ ಖಾಲಿ ಇದೆ.

ಇಪ್ಪತ್ತೆರಡನೆಯ ದಿನ ಡಾಕ್ಟರು ಕೇಳಿದರು, "ಹೋದ ವರ್ಷ ಹೆಚ್ಚು ಕಡಿಮೆ ಇದೇ ದಿನಗಳಲ್ಲಿ ಇವರು ಮೆಟ್ಟಿಲು ಇಳಿದು ನೀರು ಕುಡಿಯೋ ಕಲ್ಯಾಣಿಯಲ್ಲಿ ಕುಡಿದಿದ್ರಾ? ನಾರು ಎದ್ದವರು ಉರಿ ತಾಳಲಾರದೆ ಅಲ್ಲೇ ಕಾಲು ಅದ್ದುತ್ತಾರೆ. ಅದರ ಮರಿ ನೀರಿಗೆ ಇಳಿಯುತ್ತೆ. ಕುಡಿದವರ ಮೈಯಲ್ಲಿ ಬೆಳೆದು ಹೊರಗೆ ಬರೋದಕ್ಕೆ ಒಂದು ವರ್ಷ."

ನೆನಪಾಯಿತು. ಅಂತರಘಟ್ಟೆಯಿಂದ ಅಕ್ಕನನ್ನು ಕರೆದುಕೊಂಡು ಬರುವಾಗ ದಾರಿಯ ಕಲ್ಯಾಣಿ. ನೀರು ತಳ ಹಿಡಿದಿತ್ತು. ಕೊನೆಯ ಮೆಟ್ಟಿಲಲ್ಲಿ ಒಬ್ಬ ಮುದುಕ ಕಾಲು ನೀರಿಗೆ ಬಿಟ್ಟು ಕೂತಿದ್ದ. "ಕುಡೀರಪ್ಪಾ, ತಣ್ಣಗೈತೆ," ಎಂದಿದ್ದ.

ಇಪ್ಪತ್ನಾಲ್ಕನೆಯ ದಿನ ಊತ ಇಳಿದು ರೆಪ್ಪೆ ಬಿಚ್ಚಿತು. ಡಾಕ್ಟರು ಕೈ ಎತ್ತಿ ಹಿಡಿದು, "ಎಷ್ಟು ಬೆರಳು?" ಎಂದರು. ಅಕ್ಕ ಕತ್ತು ಓರೆ ಮಾಡಿದಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು.

"ಮೂರು," ಎಂದಳು ಅಕ್ಕ ಕೊನೆಗೆ. "ಒಂದಕ್ಕೆ ಉಂಗುರ ಐತೆ." ಆಮೇಲೆ ತಲೆಯನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದಳು. "ಮುಖ ತೊಳ್ದು ಎಷ್ಟು ದಿನ ಆಯ್ತೋ? ಅದನ್ನೂ ಬರ್ದಿಟ್ಟಿದೀಯಾ?"

ನಾನು ಹೊರಗೆ ಹೋಗಿ ಜಗಲಿಯಲ್ಲಿ ಕೂತೆ.

ಊರಿಗೆ ಬಂದ ಸಂಜೆಯೇ ಹಿಂದಿನ ವರ್ಷದ ಪುಸ್ತಕ ಹುಡುಕಿದೆ. ಯುಗಾದಿ ಕಳೆದ ಇಪ್ಪತ್ತೊಂದನೆಯ ದಿನ: 'ಕಲ್ಯಾಣಿಯಲ್ಲಿ ನೀರು ಕುಡಿದೆವು. ಅಕ್ಕ ಎರಡು ಬೊಗಸೆ. ನಾನು ಐದು.'

ಅಕ್ಕನಿಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. ಅವಳು, "ಪಂಚೆ ಎತ್ತು, ಕಾಲು ತೋರ್ಸು," ಎಂದಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಜಗಲಿಯ ಬಿಸಿಲಲ್ಲಿ ಕೂರಿಸಿ ನನ್ನ ಕಾಲು, ಬೆನ್ನು, ತೋಳುಗಳನ್ನು ನೋಡುತ್ತಾಳೆ. ಕುಯ್ದ ಜಾಗ ಎಳೆದುಕೊಂಡಿರುವುದರಿಂದ ಅವಳ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ನಿದ್ದೆಯಲ್ಲೂ ಒಂದು ಎಳೆಯಷ್ಟು ತೆರೆದೇ ಇರುತ್ತದೆ. ಭಾವ ಕಡೂರಿನಿಂದ ಬಂದು ಕರೆದಾಗಲೂ, "ಇವ್ನ ಗಡುವು ಮುಗೀಲಿ, ಬತ್ತೀನಿ," ಎಂದು ಕಳಿಸಿಬಿಟ್ಟಳು. ಕುಡಿಯುವ ನೀರನ್ನು ಈಗ ಸೇದುವ ಬಾವಿಯಿಂದಲೇ ತರುತ್ತೇವೆ, ಅದನ್ನೂ ಬಟ್ಟೆ ನಾಲ್ಕು ಮಡಿಕೆ ಮಾಡಿ ಶೋಧಿಸುತ್ತಾಳೆ.

"ಇಲ್ಲ. ಬರ್ಕೋ," ಎನ್ನುತ್ತಾಳೆ ನೋಡಿ ಮುಗಿದ ಮೇಲೆ. ಬರೆದುಕೊಂಡು ಕಚೇರಿಗೆ ಹೋಗಿ ಮಳೆಯ ಪಾತ್ರೆ ನೋಡಿ ಅಲ್ಲೂ ಅದನ್ನೇ ಬರೆಯುತ್ತೇನೆ. ಆ ನೀರು ಕುಡಿದು ವರ್ಷ ತುಂಬಿ ನಲವತ್ತು ದಿನ ಮೇಲಾಯಿತು. ವರ್ಷದ ಮೇಲೆ ಎರಡು ತಿಂಗಳು ಕಳೆದರೆ ಹೆದರಿಕೆಯಿಲ್ಲ ಎಂದಿದ್ದಾರೆ ಡಾಕ್ಟರು. ಕೂತಲ್ಲಿ ಮೀನಖಂಡದಲ್ಲಿ ಒಂದಿಷ್ಟು ಕೆರೆತವಾದರೂ ಲೇಖನಿ ನಿಲ್ಲುತ್ತದೆ.

ಇವತ್ತು ಬೆಳಿಗ್ಗೆ ಎಡಗಾಲಿನ ಹಿಮ್ಮಡಿಯ ಮೇಲಿನ ಒಂದು ಕೆಂಪು ಚುಕ್ಕೆಯಲ್ಲಿ ಅವಳ ಬೆರಳು ನಿಂತಿತು.

"ಇದೇನೋ?"

"ಮುಳ್ಳು ಚುಚ್ಚಿದ್ದು."

"ಯಾವತ್ತು?"

ನೆನಪಾಗಲಿಲ್ಲ. ಪುಸ್ತಕ ತಂದು ಹಿಂದಕ್ಕೆ ಹಿಂದಕ್ಕೆ ತಿರುವಿದೆ. ಮುಳ್ಳಿನ ಮಾತು ಎಲ್ಲೂ ಇರಲಿಲ್ಲ. ಎಂಟು ಗಂಟೆಯಾಗುತ್ತ ಬಂದಿತ್ತು, ಕಚೇರಿಗೆ ಹೊರಡಬೇಕಿತ್ತು. ಅಕ್ಕ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಡಲಿಲ್ಲ.